ದುರಾಸೆಯ ಕಥೆ: ಮೂರು ಚಿತ್ರಗಳಲ್ಲಿ ಯಾವುದನ್ನು ನೋಡಬೇಕು?

ಮಹತ್ವಾಕಾಂಕ್ಷೆ ದುರಾಸೆಯಾಗಿ ತಿರುಗಿ ನಂಬಿಕೆಯನ್ನೂ ಮನೆಯನ್ನೂ ನುಂಗುವುದನ್ನು ತೋರಿಸುವ ಚಿತ್ರ ಯಾವುದೆಂದು ಕೇಳಿದವರ ಮುಂದೆ ನಾನು ಮೂರನ್ನು ಇಡುತ್ತೇನೆ: ‘ದಿ ಗಾಡ್‌ಫಾದರ್’ (1972), ‘ದೇರ್ ವಿಲ್ ಬಿ ಬ್ಲಡ್’ (2007), ಹಿಂದಿಯ ‘ತುಂಬಾಡ್’ (2018).

ನಂಬಿಕೆಯ ಪ್ರಶ್ನೆಯೇ ಮುಖ್ಯವಾದವರಿಗೆ ಎರಡನೆಯದು ಹೆಚ್ಚು ಕೊಡುತ್ತದೆ. ಕ್ಯಾಲಿಫೋರ್ನಿಯಾದ ತೈಲೋದ್ಯಮಿ ಡೇನಿಯಲ್ ಪ್ಲೇನ್‌ವ್ಯೂ, ಕೊಳವೆಮಾರ್ಗಕ್ಕೆ ಬೇಕಾದ ಜಮೀನು ಸಿಗಲೆಂದು ಚರ್ಚಿನಲ್ಲಿ ಮಂಡಿಯೂರುತ್ತಾನೆ. ಯುವ ಬೋಧಕ ಈಲೈ ಅವನ ಕೆನ್ನೆಗೆ ಹೊಡೆಯುತ್ತ, ಮಗನನ್ನು ತೊರೆದೆನೆಂದು ಎಲ್ಲರೆದುರು ಕೂಗಿ ಹೇಳಿಸುತ್ತಾನೆ. ಅದು ವ್ಯವಹಾರಕ್ಕಾಗಿ ಆಡಿದ ನಾಟಕವೇ ಆದರೂ, ಮಗನ ಮಾತು ಬಂದಾಗ ಆ ದನಿಯಲ್ಲಿ ನಿಜವಾದ ಸಂಕಟವಿದೆ ಎಂದೇ ನನ್ನ ಭಾವನೆ. ‘ಗಾಡ್‌ಫಾದರ್’ನ ಮಾಫಿಯಾ ಮನೆತನದ ಮಗ ಮೈಕಲ್, ಚರ್ಚಿನಲ್ಲಿ ತಂಗಿಯ ಮಗುವಿನ ದೀಕ್ಷಾಸ್ನಾನದಲ್ಲಿ ಸೈತಾನನನ್ನು ತ್ಯಜಿಸುವುದಾಗಿ ನುಡಿಯುತ್ತಿರುವಾಗಲೇ ಅವನ ಆಳುಗಳು ಎದುರಾಳಿಗಳನ್ನು ಕೊಲ್ಲುತ್ತಾರೆ; ಅಲ್ಲಿ ನಂಬಿಕೆ ಬರಿಯ ಮುಖವಾಡ.

ಕುಟುಂಬದ ದೃಷ್ಟಿಯಿಂದ ನೋಡುವುದಾದರೆ, ಮನೆತನದ ರಕ್ಷಣೆಯೆಂಬ ಒಳ್ಳೆಯ ನೆಪವೇ ಮನುಷ್ಯನನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ‘ಗಾಡ್‌ಫಾದರ್’ನಷ್ಟು ತಾಳ್ಮೆಯಿಂದ ಉಳಿದೆರಡೂ ತೋರಿಸುವುದಿಲ್ಲ. ‘ತುಂಬಾಡ್’ನಲ್ಲಿ ಆಸೆ ಪಿತ್ರಾರ್ಜಿತ ಆಸ್ತಿಯಂತೆ ಇಳಿದು ಬರುತ್ತದೆ: ಶಾಪಗ್ರಸ್ತ ದೈವ ಹಸ್ತರನ ಚಿನ್ನದ ನಾಣ್ಯ ಕದಿಯುವುದನ್ನು ಕಥಾನಾಯಕ ವಿನಾಯಕ ತನ್ನ ಪುಟ್ಟ ಮಗನಿಗೇ ಕಲಿಸುತ್ತಾನೆ.

ಮೊದಲೆರಡಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಬೇಕು. ಅದರಲ್ಲೂ ಪ್ಲೇನ್‌ವ್ಯೂನ ಕಥೆ ಆರಂಭದಲ್ಲಿ ಬಹುಹೊತ್ತು ಮಾತಿಲ್ಲದೆಯೇ ಸಾಗುತ್ತದೆ. ‘ತುಂಬಾಡ್’ ಎರಡು ಗಂಟೆಯೊಳಗೆ ಮುಗಿಯುತ್ತದಾದರೂ ಭಯಾನಕವಾದ್ದರಿಂದ ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ.