ಶಿರಸಿಯ ಮಳೆಗೆ ತಕ್ಕ ಕಲ್ಲಿನ ಅಂಗಳ: ಒಂದು ಕೆಲಸದ ವಿಮರ್ಶೆ

ಶಿರಸಿ ಸಮೀಪದ ನಮ್ಮ ಮನೆಯ ಮಣ್ಣಿನ ಅಂಗಳಕ್ಕೆ ಕಲ್ಲು ಹಾಸಿಕೊಟ್ಟ ಮೇಸ್ತ್ರಿ ಮತ್ತು ಅವರ ತಂಡದ ಬಗ್ಗೆ, ಒಂದು ಪೂರ್ಣ ಮಳೆಗಾಲವೂ ಒಂದು ಅಡಿಕೆ ಕೊಯ್ಲೂ ಕಳೆದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಅಂಗಳ ಎಲ್ಲಿಯೂ ಕುಸಿದಿಲ್ಲ, ನೀರು ನಿಂತಿಲ್ಲ, ಒಂದು ಕಲ್ಲೂ ಅಲುಗಾಡುತ್ತಿಲ್ಲ.

ಕಲ್ಲಿನ ಆಯ್ಕೆಯಲ್ಲಿ ಅವರು ಕೊಟ್ಟ ಸಲಹೆ ಸರಿಯಾಗಿತ್ತು. ನಮ್ಮ ಕಡೆ ಸುಲಭವಾಗಿ ಸಿಗುವ ಚಿರೆಕಲ್ಲು (ಜಂಬಿಟ್ಟಿಗೆ) ಗೋಡೆಗೆ ಒಳ್ಳೆಯದಾದರೂ ರಂಧ್ರಗಳಿಂದ ತುಂಬಿರುವುದರಿಂದ ನೀರು ಹೀರಿ ಬೇಗ ಪಾಚಿಗಟ್ಟುತ್ತದೆ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು; ಹುಳಿ ತಾಗಿದರೆ ಮಾಸುತ್ತದೆ, ನುಣುಪು ಮಾಡಿದ್ದಾದರೆ ಮಳೆಯಲ್ಲಿ ಕಾಲು ಜಾರುತ್ತದೆ. ಹಾಗಾಗಿ 2 ಅಂಗುಲ ದಪ್ಪದ ಬೂದು ಗ್ರಾನೈಟ್ ಚಪ್ಪಡಿಗಳನ್ನು, ಮೇಲ್ಮೈಯನ್ನು ಬೆಂಕಿಯ ಜ್ವಾಲೆಯಲ್ಲಿ ಸುಟ್ಟು ಒರಟಾಗಿಸಿದವುಗಳನ್ನೇ, ತರಿಸಿದೆವು. 1 ಅಡಿ ಅಗಲ, 2 ಅಡಿ ಉದ್ದದ ಒಂದು ಚಪ್ಪಡಿ ಸುಮಾರು 25 ಕಿಲೋ ತೂಗುತ್ತದೆ. ಸಾಗಾಟದ ಖರ್ಚಿಗೆ ಸಿದ್ಧರಾಗಿಯೇ ಇದಕ್ಕೆ ಕೈಹಾಕಬೇಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಇನ್ನು ಮುಂದೆ ಯಾರ ಕಣ್ಣಿಗೂ ಬೀಳದ ಭಾಗದ ಕೆಲಸ. ಮೇಲಿನ ಸಡಿಲ ಮಣ್ಣನ್ನು 8 ಅಂಗುಲ ತೆಗೆದು, ತಳವನ್ನು ದಮ್ಮಸು ಮಾಡಿ, ಅದರ ಮೇಲೆ 5 ಅಂಗುಲ ಜಲ್ಲಿಯನ್ನು ಎರಡು ಪದರಗಳಲ್ಲಿ ಹರಡಿ, ಪ್ರತಿ ಪದರವನ್ನೂ ನೀರು ಚಿಮುಕಿಸಿ ಯಂತ್ರದಿಂದ ಬಡಿದು ಗಟ್ಟಿಮಾಡಿದರು. ಇಡೀ ಜಲ್ಲಿಯನ್ನು ಒಮ್ಮೆಗೇ ಸುರಿದು ಬಡಿದರೆ ಮೇಲ್ಭಾಗ ಮಾತ್ರ ಬಿಗಿಯಾಗಿ ಕೆಳಗೆ ಸಡಿಲ ಉಳಿಯುತ್ತದೆ. ಮೊದಲ ಮಳೆಗೆ ಅಂಗಳ ತಗ್ಗಾಗುವುದು ಇದರಿಂದಲೇ. ಜಲ್ಲಿಯ ಮೇಲೆ 1 ಅಂಗುಲ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಸಿ, ನೂಲು ಕಟ್ಟಿ, 4 ಅಡಿಗೆ 1 ಅಂಗುಲದಂತೆ ನೀರಿಗೆ ವಾಟ ಕೊಟ್ಟರು. 20 ಅಡಿ ಅಗಲದ ಅಂಗಳದಲ್ಲಿ ಇದು 5 ಅಂಗುಲದ ಇಳಿತ; ನಡೆಯುವಾಗ ಕಾಲಿಗೆ ತಿಳಿಯದು, ಆದರೆ ಜುಲೈ ತಿಂಗಳ ಜಡಿಮಳೆಯಲ್ಲೂ ನೀರು ತೋಟದ ಕಡೆಯ ಕಾಲುವೆಗೆ ತಾನಾಗಿ ಹರಿಯುತ್ತದೆ. ಅಂಚಿಗೆ ಚಿರೆಕಲ್ಲನ್ನು ನಿಲ್ಲಿಸಿ ಕಾಂಕ್ರೀಟಿನಲ್ಲಿ ಬಿಗಿದಿರುವುದರಿಂದ ಚಪ್ಪಡಿಗಳು ಹೊರಗೆ ಸರಿಯುವ ಭಯವಿಲ್ಲ. ಅಡಿಯಲ್ಲಿ ಕಾಂಕ್ರೀಟು ಹಾಕದಿರುವುದು ಕೆಲವರಿಗೆ ಕೊರತೆಯೆನಿಸಬಹುದು. ನನಗೆ ಅದು ಅನುಕೂಲವಾಗಿಯೇ ಕಂಡಿದೆ, ಏಕೆಂದರೆ ನಾಳೆ ನೀರಿನ ಪೈಪು ಹಾಯಿಸಬೇಕಾದರೆ ನಾಲ್ಕು ಕಲ್ಲು ಎತ್ತಿ ಮತ್ತೆ ಕೂರಿಸಿದರೆ ಸಾಕು.

ಒಂದು ಲೋಪವನ್ನು ಹೇಳಲೇಬೇಕು. ಹೆಂಚಿನ ಸೂರಿನಿಂದ ನೀರು ಧಾರೆಯಾಗಿ ಬೀಳುವ ಸಾಲಿನಲ್ಲಿಯೂ ಅವರು ಸಂದುಗಳಿಗೆ ಬರೀ ಮರಳನ್ನೇ ತುಂಬಿದ್ದರು. ಜೂನ್ ಮುಗಿಯುವುದರೊಳಗೆ ಅಲ್ಲಿಯ ಮರಳು ಕೊಚ್ಚಿಹೋಗಿ ಸಂದುಗಳು ಬಾಯಿ ಬಿಟ್ಟವು. ಮಳೆ ನಿಂತ ಮೇಲೆ ಮೇಸ್ತ್ರಿ ತಾವೇ ಬಂದು ಆ ಸಾಲಿಗೆ ಮಾತ್ರ ಸಿಮೆಂಟು ಗಾರೆ ತುಂಬಿ, ಹೆಚ್ಚುವರಿ ಕೂಲಿ ಕೇಳದೆ ಹೋದರು. ಆದರೂ ಇಷ್ಟು ಮಳೆ ಬೀಳುವ ಊರಿನಲ್ಲಿ ಇದನ್ನು ಮೊದಲೇ ಯೋಚಿಸಬೇಕಿತ್ತು.

ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಒಣಗಿಸಲು ಈ ಅಂಗಳ ಬಹಳ ಚೆನ್ನಾಗಿದೆ. ಬಿಸಿಲಿಗೆ ಕಾದ ಕಲ್ಲು ಸಂಜೆಯವರೆಗೂ ಬೆಚ್ಚಗಿರುತ್ತದೆ, ಮಣ್ಣು ಹತ್ತುವುದಿಲ್ಲ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರು ಮಾತ್ರ ಕೆಳಗೆ ತಾಡಪಾಲು ಹಾಸಿಕೊಳ್ಳಬೇಕು, ಒರಟು ಕಲ್ಲಿಗೆ ಹತ್ತಿದ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಕಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗದು.

ವಾರದೊಳಗೆ ಮುಗಿಸಿಕೊಡಿ ಎನ್ನುವವರಿಗೆ ಈ ತಂಡ ಹೊಂದುವುದಿಲ್ಲ. ಮಳೆ ಹಿಡಿಯುವ ಮುನ್ನ ಕೆಲಸ ಮುಗಿಯಬೇಕೆಂದಿದ್ದರೆ ದೀಪಾವಳಿಯ ಹೊತ್ತಿಗೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಸೂರಿನ ಸಾಲಿಗೆ ಗಾರೆ ತುಂಬಬೇಕೆಂಬುದನ್ನೂ ಆಗಲೇ ಹೇಳಿಬಿಡಿ.