ಕಾಯಿಪುಡಿ ಫ್ಯಾಕ್ಟರಿಗೆ ಬೆಲೆ ಕಟ್ಟಿಸಿದ್ದು: ತುಮಕೂರಿನ ಒಂದು ವ್ಯಾಲ್ಯುಯೇಷನ್ ಕಚೇರಿಯ ಬಗ್ಗೆ

ತಿಪಟೂರು ತಾಲ್ಲೂಕಿನಲ್ಲಿ ನಮ್ಮ ಮನೆಯವರದೇ ಒಂದು ಕಾಯಿಪುಡಿ ಫ್ಯಾಕ್ಟರಿ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ, ಷೇರುದಾರರೆಲ್ಲ ಅಣ್ಣತಮ್ಮಂದಿರು ಮತ್ತು ಅವರ ಮಕ್ಕಳು. ಲೆಕ್ಕಪತ್ರ ನೋಡಿಕೊಳ್ಳುವುದು ನಾನು. ಕಾಲು ಪಾಲು ಇರುವ ದೊಡ್ಡಪ್ಪ ಷೇರು ಬಿಟ್ಟುಕೊಟ್ಟು ಮೈಸೂರಿನ ಮಗಳ ಮನೆಯಲ್ಲಿ ಇರುತ್ತೇನೆ ಎಂದಾಗ, ಅವರಿಗೆ ಎಷ್ಟು ಸಲ್ಲಬೇಕು ಎಂದು ಹೇಳಲು ಹೊರಗಿನವರೊಬ್ಬರು ಬೇಕಾಯಿತು. ತುಮಕೂರಿನ ಅಶೋಕ ರಸ್ತೆ ಹತ್ತಿರದ ಒಂದು ವ್ಯಾಲ್ಯುಯೇಷನ್ ಕಚೇರಿಗೆ ಆ ಕೆಲಸ ವಹಿಸಿದೆವು. ಮೆಚ್ಚಿಕೊಂಡಿದ್ದೂ ಇದೆ, ತಕರಾರೂ ಇದೆ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಇಂಥ ಪರಿಸ್ಥಿತಿಯಲ್ಲಿರುವ ಯಾರೇ ಕೇಳಲಿ, ನಾನು ಇವರ ಹತ್ತಿರವೇ ಹೋಗಿ ಎನ್ನುತ್ತೇನೆ. ಕಸುಬು ಎಷ್ಟು ದುಡಿಯುತ್ತದೆ ಎನ್ನುವುದನ್ನೂ ಅದರ ಮೇಲೆ ಯಾರ್ಯಾರ ಸಾಲ ಕೂತಿದೆ ಎನ್ನುವುದನ್ನೂ ಅವರು ಒಂದಕ್ಕೊಂದು ಬೆರೆಸಲಿಲ್ಲ. ನಾನು ಕಂಡ ಮಟ್ಟಿಗೆ ಪಾಲಿನ ಜಗಳಗಳು ಹುಟ್ಟುವುದೇ ಆ ಬೆರಕೆಯಲ್ಲಿ.

ನಾವು ಕಚೇರಿ ಮೆಟ್ಟಿಲು ಹತ್ತುವ ಮುಂಚೆಯೇ ಮನೆಯಲ್ಲಿ ಒಂದು ಅಂಕಿ ಓಡಾಡುತ್ತಿತ್ತು. ಕೊಬ್ಬರಿ ಮಂಡಿಯ ಸ್ನೇಹಿತರೊಬ್ಬರು ದೊಡ್ಡಪ್ಪನಿಗೆ, "ಬಡ್ಡಿ, ತೆರಿಗೆ, ಸವಕಳಿ ಕಳೆಯೋಕ್ ಮುಂಚೆ ಎಷ್ಟು ಉಳಿಯುತ್ತೋ ಅದರ ಆರು ಪಟ್ಟು ಕಂಪನಿ ಬೆಲೆ. ಅದರಲ್ಲಿ ಕಾಲು ನಿಮ್ದು" ಎಂದಿದ್ದರು. ನಮ್ಮ ನಿಜವಾದ ಅಂಕಿಗಳನ್ನು ಇಲ್ಲಿ ಬರೆಯಲಾರೆ. ಲೆಕ್ಕದ ದಾರಿ ತಿಳಿಯಲಿ ಎಂದು ದುಂಡು ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ತೆರಿಗೆಗೆ ಮುಂಚಿನ ಲಾಭ 1 ಕೋಟಿ, ಬಡ್ಡಿ 30 ಲಕ್ಷ, ಸವಕಳಿ (ಯಂತ್ರಗಳ ಸವೆತಕ್ಕೆಂದು ಪುಸ್ತಕದಲ್ಲಿ ವರ್ಷಾವರ್ಷ ಬರೆಯುವ ಖರ್ಚು) 40 ಲಕ್ಷ. ಕೂಡಿಸಿದರೆ 1.70 ಕೋಟಿ. ಇದನ್ನೇ ಎಬಿಟ್ಡಾ ಎನ್ನುತ್ತಾರೆ. ಆರು ಪಟ್ಟು ಮಾಡಿದರೆ 10.20 ಕೋಟಿ, ಅದರ ಕಾಲು ಭಾಗ 2.55 ಕೋಟಿ. ದೊಡ್ಡಪ್ಪನ ಮನಸ್ಸಿನಲ್ಲಿ ಕೂತಿದ್ದು ಈ ಮೊತ್ತ.

ವ್ಯಾಲ್ಯೂಯರ್ ಮೇಡಂ ಆ ಲೆಕ್ಕವನ್ನು ತಳ್ಳಿಹಾಕಲಿಲ್ಲ. "ಆರು ಪಟ್ಟು ಇರಲಿ ಯಜಮಾನ್ರೇ, ಯಾವುದರ ಆರು ಪಟ್ಟು ಅಂತ ಮೊದಲು ನೋಡೋಣ" ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತೆರೆಸಿದರು.

ಅವರು ಮೊದಲು ಕೈಯಿಟ್ಟಿದ್ದು ಲಾಭ-ನಷ್ಟದ ಪಟ್ಟಿಯ 'ಇತರೆ ಆದಾಯ'ದ ಸಾಲಿಗೆ. ಅಲ್ಲಿ 40 ಲಕ್ಷ ಇತ್ತು. ಒಂದೊಂದೇ ಲೆಡ್ಜರ್ ಬಿಡಿಸಿದರು. ಚಿಪ್ಪು ಮತ್ತು ಕಾಯಿಯ ಮೇಲಿನ ಕಂದು ಸಿಪ್ಪೆ ಮಾರಿ ಬಂದದ್ದು 18 ಲಕ್ಷ. ಎಫ್‌ಡಿ ಬಡ್ಡಿ 6 ಲಕ್ಷ. ಕಂಪನಿ ಹೆಸರಿನಲ್ಲಿ ಊರೊಳಗಿರುವ ಎರಡು ಮಳಿಗೆಗಳ ಬಾಡಿಗೆ 6 ಲಕ್ಷ. ಹಳೆಯ ಡ್ರೈಯರ್ ಮಾರಿ ಬಂದ ಲಾಭ 10 ಲಕ್ಷ. ಚಿಪ್ಪು, ಸಿಪ್ಪೆಯ 18 ಲಕ್ಷವನ್ನು ಅವರು ಮುಟ್ಟಲಿಲ್ಲ. ಕಾಯಿ ಒಡೆಯುವ ದಿನವೆಲ್ಲ ಚಿಪ್ಪು ಬೀಳುತ್ತದೆ, ಅದು ಕಸುಬಿನದೇ ದುಡಿಮೆ, ಬರೆದ ತಲೆಬರಹ ಏನೇ ಇರಲಿ. ಉಳಿದ 22 ಲಕ್ಷವನ್ನು ತೆಗೆದರು. ಡ್ರೈಯರ್ ಪ್ರತಿ ವರ್ಷ ಮಾರುವ ಸರಕಲ್ಲ. ಎಫ್‌ಡಿ ಮತ್ತು ಮಳಿಗೆ ಆಸ್ತಿಗಳು, ಅವುಗಳ ಬೆಲೆಯನ್ನು ಕೊನೆಯಲ್ಲಿ ಬೇರೆಯಾಗಿ ಸೇರಿಸಬೇಕು. ಇಲ್ಲಿಯೂ ಬಿಟ್ಟರೆ ಎರಡು ಸಲ ಎಣಿಸಿದಂತಾಗುತ್ತದೆ. ಎಬಿಟ್ಡಾ 1.48 ಕೋಟಿಗೆ ಬಂತು.

ಅಲ್ಲಿಂದ ಮುಂದಿನದು ನನಗೆ ತುಂಬ ಹಿಡಿಸಿತು, ಏಕೆಂದರೆ ಅದು ಪುಸ್ತಕದಲ್ಲಿ ಇಲ್ಲದ ಖರ್ಚುಗಳ ಹುಡುಕಾಟ. ದೊಡ್ಡಪ್ಪ ಬೆಳಗಿನಿಂದ ರಾತ್ರಿವರೆಗೆ ಫ್ಯಾಕ್ಟರಿಯಲ್ಲಿ ಇದ್ದು ತಿಂಗಳಿಗೆ 20 ಸಾವಿರ ಸಂಬಳ ಬರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸಕ್ಕೆ ಮ್ಯಾನೇಜರ್ ಇಟ್ಟರೆ 80 ಸಾವಿರ ಬೇಕು. ವರ್ಷಕ್ಕೆ 7.2 ಲಕ್ಷದ ವ್ಯತ್ಯಾಸ. ಫ್ಯಾಕ್ಟರಿ ನಿಂತಿರುವ ಜಾಗ ದೊಡ್ಡಪ್ಪನ ಸ್ವಂತದ್ದು, ಬಾಡಿಗೆ ತೆಗೆದುಕೊಂಡವರೇ ಅಲ್ಲ. ಆ ಕಡೆಯ ದರ ಹಿಡಿದರೆ ತಿಂಗಳಿಗೆ 50 ಸಾವಿರ, ವರ್ಷಕ್ಕೆ 6 ಲಕ್ಷ. ಇನ್ನೊಂದು ಬಾಯ್ಲರ್ ಟ್ಯೂಬ್. ತೂತು ಬಿದ್ದ ಟ್ಯೂಬುಗಳನ್ನು ಬದಲಿಸಿದ 4.8 ಲಕ್ಷ ನಮ್ಮ ಪುಸ್ತಕದಲ್ಲಿ ಯಂತ್ರದ ಆಸ್ತಿಗೆ ಸೇರಿತ್ತು. ಮೇಡಂ ಬಾಯ್ಲರ್ ಹತ್ತಿರ ಹೋಗಿ ಆಪರೇಟರ್ ಅನ್ನೇ ಕೇಳಿದರು, "ಇದರಿಂದ ಉಗಿ ಜಾಸ್ತಿ ಬರ್ತಿದ್ಯಾ, ಮೊದಲಿನಷ್ಟೇನಾ?" ಮೊದಲಿನಷ್ಟೇ ಮೇಡಂ, ಎಂದ. ಹಾಗಾದರೆ ಅದು ರಿಪೇರಿ, ಆ ವರ್ಷದ ಖರ್ಚು. ಖರ್ಚನ್ನು ಆಸ್ತಿ ಎಂದು ಬರೆದರೆ ಎಬಿಟ್ಡಾ ತನ್ನಷ್ಟಕ್ಕೆ ಉಬ್ಬುತ್ತದೆ. ಅಮೆರಿಕದ ವರ್ಲ್ಡ್‌ಕಾಮ್ ಕಂಪನಿ ಇದೇ ದಾರಿಯಲ್ಲಿ ನೂರಾರು ಕೋಟಿ ಡಾಲರ್‌ಗಳಷ್ಟು ಖರ್ಚನ್ನು ಆಸ್ತಿಯೆಂದು ತೋರಿಸಿ 2002ರಲ್ಲಿ ಸಿಕ್ಕಿಬಿದ್ದು ದಿವಾಳಿಯಾಯಿತು. ನಮ್ಮದು ದುರುದ್ದೇಶದ ಕೆಲಸವಲ್ಲ, ಆದರೂ ಲೆಕ್ಕದ ಮೇಲೆ ಬೀಳುವ ಪರಿಣಾಮ ಅದೇ.

ಈ ಮೂರೂ ಸೇರಿ 18 ಲಕ್ಷ ಕಳೆದರೆ ಉಳಿದದ್ದು 1.30 ಕೋಟಿ. ಒಂದೇ ವರ್ಷ ನೋಡದೆ ಮೂರು ವರ್ಷಗಳಿಗೂ ಇದೇ ರೀತಿ ಸೋಸಿ ಸರಾಸರಿ ತೆಗೆದರು. 2025ರಲ್ಲಿ ಕಾಯಿ, ಕೊಬ್ಬರಿ ದರ ಹೇಗೆ ಏರಿತು ಎನ್ನುವುದು ತಿಪಟೂರು ಮಾರುಕಟ್ಟೆ ನೋಡಿದವರಿಗೆಲ್ಲ ಗೊತ್ತು. ಅಗ್ಗದಲ್ಲಿ ಕೊಂಡ ಸರಕು ಗೋಡೌನಿನಲ್ಲಿದ್ದ ವರ್ಷ ಲಾಭ ಉಕ್ಕುತ್ತದೆ, ದುಬಾರಿ ಕಾಯಿ ಕೊಂಡ ವರ್ಷ ಕುಗ್ಗುತ್ತದೆ. ಯಾವ ಒಂದು ವರ್ಷವನ್ನು ಹಿಡಿದರೂ ಯಾರೋ ಒಬ್ಬರಿಗೆ ಅನ್ಯಾಯ. ಇಲ್ಲಿ ಸರಳವಾಗಲಿ ಎಂದು ಸರಾಸರಿಯೂ 1.30 ಕೋಟಿಯೇ ಬಂತೆಂದು ಇಟ್ಟುಕೊಳ್ಳಿ. ಆರು ಪಟ್ಟಿಗೆ 7.80 ಕೋಟಿ.

ಇದು ಎಂಟರ್‌ಪ್ರೈಸ್ ವ್ಯಾಲ್ಯೂ, ಅಂದರೆ ಇಡೀ ಉದ್ದಿಮೆಯ ಬೆಲೆ. ಷೇರುದಾರರೂ ಸಾಲ ಕೊಟ್ಟವರೂ ಸೇರಿ ಇದರ ಮೇಲೆ ಹಕ್ಕುಳ್ಳವರು. ದೊಡ್ಡಪ್ಪನಿಗೆ ಒಪ್ಪಿಗೆಯಾಗದೆ ಇದ್ದದ್ದು ಈ ಹಂತ. "ಕಂಪನಿ ಬೆಲೆ ಅಂತ ನೀವೇ ಹೇಳಿದ್ರಿ, ಕಾಲು ಭಾಗ ಕೊಟ್ಬಿಡಿ ಮತ್ತೆ" ಎಂದರು. ಫೈನಾನ್ಸ್ ಬಾಕಿ ಇರುವ ಟ್ರ್ಯಾಕ್ಟರ್ ಮಾರುವಾಗ ಬಾಕಿ ಮುರಿದುಕೊಂಡು ತಾನೇ ದುಡ್ಡು ಎಣಿಸುವುದು, ಎಂದು ಮೇಡಂ ಕೇಳಿದಾಗ ಸುಮ್ಮನಾದರು. ಪಾಲು ಹಂಚುವುದು ಸಾಲ ಕಳೆದು ಉಳಿದದ್ದರಲ್ಲಿ.

ಸಾಲದ ಪಟ್ಟಿಯನ್ನೂ ಬ್ಯಾಲೆನ್ಸ್ ಶೀಟಿನಿಂದ ಕಣ್ಣುಮುಚ್ಚಿ ಎತ್ತಿಕೊಳ್ಳಲಿಲ್ಲ. ಮಾರ್ಚ್ 31ಕ್ಕೆ ನಮ್ಮ ಸಿಸಿ ಖಾತೆ (ಕ್ಯಾಶ್ ಕ್ರೆಡಿಟ್, ಲಿಮಿಟ್‌ವರೆಗೆ ಬೇಕಾದಾಗ ತೆಗೆದು ಕಟ್ಟುವ ಬ್ಯಾಂಕ್ ಸಾಲ) ಚೆನ್ನಾಗಿ ಕಾಣುತ್ತದೆ, ವಸೂಲಿ ಎಲ್ಲ ಆಗ ಬಂದಿರುತ್ತದೆ. ಕಾಯಿ ಕೊಳ್ಳುವ ಭರಾಟೆಯ ತಿಂಗಳುಗಳಲ್ಲಿ ಅದೇ ಖಾತೆ ಲಿಮಿಟ್ ಮುಟ್ಟಿರುತ್ತದೆ. ಅವರು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತರಿಸಿ ಸರಾಸರಿ ಹಿಡಿದರು: 1.40 ಕೋಟಿ. ಟರ್ಮ್ ಲೋನ್ 1.20 ಕೋಟಿ. ಮನೆಯವರು ಕಂಪನಿಗೆ ಕೊಟ್ಟ ಕೈಸಾಲ 60 ಲಕ್ಷ. ಹಳೆಯ ಕೆಲಸಗಾರರ ಗ್ರಾಚ್ಯುಯಿಟಿಗೆ ನಾವು ಎತ್ತಿಡದೆ ಬಿಟ್ಟಿದ್ದ 20 ಲಕ್ಷವನ್ನೂ ಸಾಲದ ಸಾಲಿಗೇ ಸೇರಿಸಿದರು, ಅದು ನ್ಯಾಯವೇ. ಒಟ್ಟು 3.40 ಕೋಟಿ. ಆಮೇಲೆ ಬೇರೆಯಾಗಿ ಇಟ್ಟಿದ್ದನ್ನು ಕೂಡಿಸಿದರು: ಎಫ್‌ಡಿ 1 ಕೋಟಿ, ಮಳಿಗೆಗಳು 60 ಲಕ್ಷ. ಕೊನೆಗೆ ಷೇರುದಾರರ ಪಾಲಿಗೆ ನಿಂತದ್ದು 6 ಕೋಟಿ, ಕಾಲು ಭಾಗ 1.50 ಕೋಟಿ.

2.55 ಎಲ್ಲಿ, 1.50 ಎಲ್ಲಿ. ದೊಡ್ಡಪ್ಪನ ಮುಖ ಬಾಡಿತು, ಅದನ್ನು ನಾನು ಮರೆಮಾಚಲಾರೆ. ಆದರೆ ಈ ಕಚೇರಿಯವರು ಅಲ್ಲಿಗೆ ಬಿಡಲಿಲ್ಲ. ಕೈಸಾಲದ 60 ಲಕ್ಷದಲ್ಲಿ 25 ಲಕ್ಷ ದೊಡ್ಡಪ್ಪನದೇ. ಅದನ್ನು ಸಾಲವೆಂದು ಕಳೆದ ಮೇಲೆ ಸಾಲವಾಗಿಯೇ ಅವರಿಗೆ ತೀರಿಸಬೇಕು, ಷೇರಿನ ಹಣದಿಂದ ಹೊರತಾಗಿ. ಜಾಗದ ಬಾಡಿಗೆಯೂ ಹಾಗೇ. ಬಾಡಿಗೆ ಕೊಡುತ್ತಿದ್ದೇವೆ ಎಂದು ಲೆಕ್ಕ ಹಾಕಿ ಬೆಲೆ ಇಳಿಸಿದ್ದೀರಿ, ಹಾಗಾದರೆ ಇವತ್ತಿನಿಂದ ನಿಜವಾಗಿಯೂ ತಿಂಗಳಿಗೆ 50 ಸಾವಿರ ಕೊಡುವ ಕರಾರು ಬರೆಯಿರಿ, ಇಲ್ಲದಿದ್ದರೆ ಆ ಕಡಿತ ತಪ್ಪು, ಎಂದು ಮೇಡಂ ನಮ್ಮ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದರು. ಶುಲ್ಕ ಕೊಡುತ್ತಿದ್ದದ್ದು ಕಂಪನಿ, ಅಂದರೆ ಕೊಳ್ಳುವ ಕಡೆಯವರಾದ ನಾವು. ಆದರೂ ಬಿಟ್ಟುಹೋಗುವವರ ಪರವಾಗಿ ಮಾತಾಡಬೇಕಾದಲ್ಲಿ ಮಾತಾಡಿದರು. ಬಾಡಿಗೆ ಕರಾರು ರಿಜಿಸ್ಟರ್ ಆದ ಮೇಲೆಯೇ ದೊಡ್ಡಪ್ಪ ಸಹಿ ಹಾಕಿದ್ದು.

ಈಗ ತಕರಾರು. ಆರು ಪಟ್ಟು ಎಂಬ ಅಂಕಿಗೆ ಮೊದಲ ಕರಡಿನಲ್ಲಿ ಕೊಟ್ಟ ಕಾರಣ ಬಹಳ ತೆಳುವಾಗಿತ್ತು. ಷೇರುಪೇಟೆಯಲ್ಲಿರುವ ಆಹಾರ ಕಂಪನಿಗಳ ಪಟ್ಟಿ ಹಾಕಿ, ಅವುಗಳ ಎಂಟರ್‌ಪ್ರೈಸ್ ವ್ಯಾಲ್ಯೂವನ್ನು ಎಬಿಟ್ಡಾದಿಂದ ಭಾಗಿಸಿ, ನಮ್ಮದು ಚಿಕ್ಕದು, ಷೇರು ಮಾರಲು ಪೇಟೆಯಿಲ್ಲ ಎಂದು ಒಂದಿಷ್ಟು ಕಡಿತ ಮಾಡಿದ್ದರು. ಆ ಕಂಪನಿಗಳ ಎಬಿಟ್ಡಾವೂ ನಮ್ಮದೂ ಒಂದೇ ಅಳತೆಯದಲ್ಲ. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ, ಬಾಡಿಗೆ-ಗುತ್ತಿಗೆಯ ಲೆಕ್ಕ ಬರೆಯುವ ಮಾನದಂಡದ ಪ್ರಕಾರ ಲಿಸ್ಟೆಡ್ ಕಂಪನಿಗಳ ದೀರ್ಘಾವಧಿ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿಯ ರೂಪದಲ್ಲಿ ಹೋಗುತ್ತದೆ, ಹಾಗಾಗಿ ಅವರ ಎಬಿಟ್ಡಾ ಬಾಡಿಗೆ ಕಳೆಯುವ ಮುಂಚಿನದು. ನಮ್ಮದರಲ್ಲಿ ಬಾಡಿಗೆ ಕಳೆದಾಗಿದೆ. ನಾನು ಇದನ್ನು ಎತ್ತಿದ ಮೇಲೆ ಸರಿಪಡಿಸಿದರು, ಬೇಸರ ಮಾಡಿಕೊಳ್ಳಲಿಲ್ಲ. ಆದರೆ ನಾವು ಕೇಳುವ ಮುಂಚೆಯೇ ಕರಡಿನಲ್ಲಿ ಇರಬೇಕಿದ್ದ ವಿಷಯ ಅದು.

ಎಬಿಟ್ಡಾ ಒಂದನ್ನೇ ನಂಬಿದ್ದೂ ನನಗೆ ಸರಿ ಕಾಣಲಿಲ್ಲ. ಡ್ರೈಯರ್, ಗ್ರೈಂಡರ್, ಬಾಯ್ಲರ್ ಸವೆಯುವುದು ಕಾಗದದ ಮೇಲಲ್ಲ, ಉಗಿಯಲ್ಲೂ ಬಿಸಿಯಲ್ಲೂ ಕಣ್ಣೆದುರೇ ಸವೆಯುತ್ತವೆ. ಸವಕಳಿಯನ್ನು ಖರ್ಚೇ ಅಲ್ಲ ಎನ್ನುವವರ ವಿರುದ್ಧ ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ವರ್ಷಗಟ್ಟಲೆ ಬರೆದಿದ್ದಾರೆ, ನನ್ನ ಅಭಿಪ್ರಾಯವೂ ಅದೇ. 1.30 ಕೋಟಿಯಿಂದ 40 ಲಕ್ಷ ಸವಕಳಿ ಕಳೆದರೆ ಕಾರ್ಯಾಚರಣೆಯ ಲಾಭ 90 ಲಕ್ಷ. ಆ ಲೆಕ್ಕದಲ್ಲಿ 7.80 ಕೋಟಿ ಎಂದರೆ ಎಂಟೂವರೆ ಪಟ್ಟಿಗಿಂತ ಮೇಲೆ. ಆರು ಎಂದಾಗ ಅಗ್ಗವಾಗಿ ಕೇಳಿಸಿದ್ದು ಈ ಕಡೆಯಿಂದ ನೋಡಿದರೆ ಅಷ್ಟೇನೂ ಅಗ್ಗವಲ್ಲ. ದೊಡ್ಡಪ್ಪನ ಮನಸ್ಸು ಸಮಾಧಾನವಾಗಲು ನೆರವಾದದ್ದೂ ಈ ಲೆಕ್ಕ. ಎರಡನ್ನೂ ಪಕ್ಕಪಕ್ಕ ತೋರಿಸುವ ಒಂದು ಪುಟವನ್ನು ಅಂತಿಮ ವರದಿಗೆ ಸೇರಿಸಿಕೊಟ್ಟರು.

ವರದಿ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಮನೆಯ ಹಿರಿಯರು ಓದಿ ಸಹಿ ಹಾಕಬೇಕಾದ ಕಾಗದಕ್ಕೆ ಎರಡು ಪುಟದ ಕನ್ನಡ ಸಾರಾಂಶವಾದರೂ ಬೇಕು. ಅದನ್ನು ನಾನೇ ಬರೆದೆ, ಮೇಡಂ ತಿದ್ದಿಕೊಟ್ಟರು. ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನ ದೊಡ್ಡಪ್ಪನಿಗಾಗಿ ಮುಖ್ಯ ಮಾತುಕತೆಗಳನ್ನು ಫ್ಯಾಕ್ಟರಿಯಲ್ಲೇ ಇಟ್ಟುಕೊಂಡರು, ಓಡಾಟಕ್ಕೆಂದು ಬೇರೆ ದುಡ್ಡು ಕೇಳಲಿಲ್ಲ.

ಹೋಗುವವರು ಗಮನಿಸಿ: 2013ರ ಕಂಪನಿ ಕಾಯ್ದೆಯ 247ನೇ ಸೆಕ್ಷನ್ ಅಡಿಯ ನೋಂದಾಯಿತ ವ್ಯಾಲ್ಯೂಯರ್‌ಗಳಲ್ಲಿ ಮೂರು ವರ್ಗಗಳಿವೆ. ಜಮೀನು-ಕಟ್ಟಡ, ಯಂತ್ರೋಪಕರಣ, ಷೇರು-ಹಣಕಾಸು ಆಸ್ತಿ. ಷೇರಿಗೆ ಬೆಲೆ ಕಟ್ಟಿಸಲು ಮೂರನೇ ವರ್ಗದವರೇ ಬೇಕು, ಐಬಿಬಿಐ (ವ್ಯಾಲ್ಯೂಯರ್‌ಗಳನ್ನು ನೋಂದಾಯಿಸುವ ಕೇಂದ್ರದ ಮಂಡಳಿ) ನೋಂದಣಿ ಸಂಖ್ಯೆ ಕೇಳಿ ನೋಡಿಕೊಳ್ಳಿ. ತೆರಿಗೆಯವರು ನೋಡುವ ಷೇರಿನ ಮೌಲ್ಯ ಆಸ್ತಿ-ಹೊಣೆಗಳ ಮೇಲೆ ನಿಂತ ಬೇರೊಂದು ಸೂತ್ರದ್ದು, ಅದನ್ನು ನಿಮ್ಮ ಆಡಿಟರ್ ಹತ್ತಿರ ಪ್ರತ್ಯೇಕವಾಗಿ ಮಾಡಿಸಿ. ಶುಲ್ಕ ಅರ್ಧ ಮುಂಗಡ, ಅರ್ಧ ವರದಿ ಕೈಗೆ ಬಂದಾಗ, ಮೇಲೆ 18% ಜಿಎಸ್‌ಟಿ. ಮೂರು ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಟ್ಯಾಲಿ ಬ್ಯಾಕಪ್, ಹನ್ನೆರಡು ತಿಂಗಳ ಸಿಸಿ ಸ್ಟೇಟ್‌ಮೆಂಟ್ ಮತ್ತು ಮನೆಯವರ ಕೈಸಾಲದ ಪಟ್ಟಿಯನ್ನು ಮೊದಲ ದಿನವೇ ತೆಗೆದುಕೊಂಡು ಹೋದರೆ ಕೆಲಸ ಬೇಗ ಸಾಗುತ್ತದೆ.