ಬ್ರೊಕನ್ ಬೆಟ್ಟದ ಉಗಿ ರೈಲು: ಕೊಟ್ಟ ಹಣಕ್ಕೆ ಮೋಸವಿಲ್ಲ

ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿಗೆ ಹೋದವರು ವೆರ್ನಿಗೆರೋಡೆಯಿಂದ ಬ್ರೊಕನ್ ಶಿಖರಕ್ಕೆ ಹೊರಡುವ ರೈಲನ್ನು ತಪ್ಪಿಸಿಕೊಳ್ಳಬಾರದು. ಹೋಗಿಬರುವ ಟಿಕೆಟ್ಟಿಗೆ ಐವತ್ತು ಯೂರೋಗಿಂತ ಹೆಚ್ಚಾಗುತ್ತದೆ, ಅಗ್ಗವಲ್ಲ. ಆದರೆ ನಾನು ಹಣ ಕೊಟ್ಟದ್ದು ಶಿಖರದ ನೋಟಕ್ಕಲ್ಲ, ಮುಂದೆ ಎಳೆಯುವ ಎಂಜಿನ್ನಿಗೆ.

ಅದು ರೈಲ್ವೆಯವರು 99.23–24 ಎಂದು ಸಂಖ್ಯೆ ಕೊಟ್ಟ ಎಂಜಿನ್ ಶ್ರೇಣಿಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಬಳಿ ಇಂಥ ಬೆಟ್ಟದ ಹಾದಿಗೆ ಬಲವಾದ ಎಂಜಿನ್‌ಗಳ ಕೊರತೆಯಿತ್ತು. ಹೊಸದಾಗಿ ಯೋಚಿಸುತ್ತ ಕೂರದೆ, 1930ರ ಸುಮಾರಿಗೆ ಮೂರೇ ಮೂರು ತಯಾರಾಗಿದ್ದ 99.22 ಮಾದರಿಯನ್ನೇ ಆಧಾರವಾಗಿಟ್ಟುಕೊಂಡು, 1954ರಿಂದ 1956ರ ನಡುವೆ ಬಾಬೆಲ್ಸ್‌ಬರ್ಗ್ ಕಾರ್ಖಾನೆಯಲ್ಲಿ ಹದಿನೇಳು ಎಂಜಿನ್ ಕಟ್ಟಿದರು. ಐದು ಜೋಡಿ ಚಾಲಕ ಚಕ್ರ, ಹಿಂದೆ ಮುಂದೆ ಒಂದೊಂದು ಜೋಡಿ ಪುಟ್ಟ ಚಕ್ರ, ಸುಮಾರು 700 ಅಶ್ವಶಕ್ತಿ. ವೇಗ ಮಾತ್ರ ಗಂಟೆಗೆ 40 ಕಿಲೋಮೀಟರ್. ಹಳಿಯ ಅಗಲ ಒಂದು ಮೀಟರ್. ಮೈಸೂರು–ಅರಸೀಕೆರೆ ಮೀಟರ್ ಗೇಜ್ ಹಾದಿಯಲ್ಲಿ ಓಡಾಡಿದವರಿಗೆ ಈ ಅಗಲದ ಅಂದಾಜು ಇದ್ದೇ ಇರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಇವುಗಳ ಒಲೆಯನ್ನು ಎಣ್ಣೆಗೆ ಬದಲಾಯಿಸಿದರು. ಎಣ್ಣೆ ದುಬಾರಿಯಾದಾಗ ಮತ್ತೆ ಕಲ್ಲಿದ್ದಲಿಗೆ ಮರಳಿದರು. 1961ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳ ನಡುವಿನ ಗಡಿ ಮುಚ್ಚಿದ ಮೇಲೆ ಶಿಖರ ಸೈನ್ಯದ ಪಾಲಾಯಿತು, ಸಾಮಾನ್ಯ ಪ್ರಯಾಣಿಕರು ಅಲ್ಲಿಗೆ ಹೋಗುವಂತಿರಲಿಲ್ಲ. 1991ರ ಸೆಪ್ಟೆಂಬರ್ 15ರಂದು ಉಗಿ ರೈಲು ಮತ್ತೆ ತುದಿ ಮುಟ್ಟಿತು. ಅಷ್ಟು ಹೊತ್ತಿಗೆ ಈ ಎಂಜಿನ್‌ಗಳಿಗೆ ನಿವೃತ್ತಿಯ ವಯಸ್ಸಾಗಿತ್ತು. ಆದರೂ ದಣಿದ ಚೌಕಟ್ಟುಗಳ ಬದಲಿಗೆ ಮೈನಿಂಗನ್ ಕಾರ್ಖಾನೆಯಲ್ಲಿ ಹೊಸದನ್ನು ಮಾಡಿಸಿ ದುಡಿಸುತ್ತಿದ್ದಾರೆ. ಸಂಗ್ರಹಾಲಯದ ಗಾಜಿನ ಹಿಂದೆ ನಿಲ್ಲಿಸುವುದಕ್ಕಿಂತ ಇದು ನೂರು ಪಾಲು ಮೇಲು. ಉಗಿ ಎಂಜಿನ್ನಿಗೆ ಸಲ್ಲುವ ನಿಜವಾದ ಗೌರವ ದುಡಿಮೆಯೇ ಎಂದು ನಾನು ನಂಬುತ್ತೇನೆ.

ದಾರಿಯಲ್ಲಿ ಡ್ರೈ ಆನನ್ ಹೋನೆ ನಿಲ್ದಾಣದಲ್ಲಿ ರೈಲು ನೀರು ತುಂಬಿಸಿಕೊಳ್ಳಲು ನಿಲ್ಲುತ್ತದೆ. ಇಳಿದು ಹತ್ತಿರದಿಂದ ನೋಡಿ. ಮುಂದಿನ ಷೀರ್ಕೆ ನಿಲ್ದಾಣ ದಾಟಿದ ಮೇಲೆ ಬರುವುದೇ ಈ ಪ್ರಯಾಣದ ತಿರುಳು. ಮೂವತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ಹಾದಿ, ತುಂಬಿದ ಡಬ್ಬಿಗಳು. ಚಿಮಣಿಯಿಂದ ಒಂದೊಂದು ಉಸಿರೂ ಎದೆಗೆ ಬಡಿಯುವಷ್ಟು ಗಟ್ಟಿಯಾಗಿ ಹೊರಬೀಳುತ್ತದೆ. ಡಬ್ಬಿಯ ಒಳಗೆ ಕೂತರೆ ಅರ್ಧವೇ ಕೇಳುತ್ತದೆ. ಎಂಜಿನ್ನಿನ ಹಿಂದಿನ ಮೊದಲ ಡಬ್ಬಿಯ ತೆರೆದ ಕಟ್ಟೆಯ ಮೇಲೆ ನಿಲ್ಲಿ. ಕಣ್ಣಿಗೆ ಕಿಡಿಬೂದಿ ಬೀಳದಂತೆ ಕನ್ನಡಕವಿರಲಿ. ತೊಗಟೆ ಹುಳ ಹತ್ತಿ ಒಣಗಿ ನಿಂತ ಸ್ಪ್ರೂಸ್ ಮರಗಳ ಸಾಲು ಮನಸ್ಸಿಗೆ ನೋವು ಕೊಡುತ್ತದೆ, ಅದನ್ನು ಬಚ್ಚಿಡಲಾರೆ. ಕೊನೆಗೆ ಹಳಿ ಶಿಖರವನ್ನು ಸುರುಳಿ ಸುತ್ತಿ 1125 ಮೀಟರ್ ಎತ್ತರದ ನಿಲ್ದಾಣ ಸೇರುತ್ತದೆ.

ಇಳಿಯುವಾಗ ಎಂಜಿನ್ನಿಗೆ ಅಂಥ ಶ್ರಮವಿಲ್ಲ, ಸದ್ದೂ ಕಡಿಮೆ. ಕಾಲಲ್ಲಿ ಬಲವಿದ್ದರೆ ಹೋಗುವ ಟಿಕೆಟ್ ಮಾತ್ರ ಕೊಂಡು, ಷೀರ್ಕೆವರೆಗೆ ನಡೆದು ಇಳಿಯಿರಿ. ಬೇಸಿಗೆಯಲ್ಲೂ ಮೇಲೆ ಚಳಿಗಾಳಿ ಬೀಸುತ್ತದೆ, ದಪ್ಪನೆಯ ಜಾಕೆಟ್ ಮರೆಯಬೇಡಿ.